ಮಾನದ ಕಾಯಿಯೂ ನೀಲತ್ತಿಯ ಸಾಲೂ

ಮನೆಯಲ್ಲಿ ಮಾತು ನಡೆಯದ ಗಂಡಸಿಗೆ ಹೊರಗಿನ ಮರ್ಯಾದೆಯ ಮೇಲೆ ವಿಪರೀತ ಆಸೆ ಇರುತ್ತದೆ. ಇದನ್ನು ನಾನು ಬೇರೆ ಯಾರನ್ನೋ ಕುರಿತು ಹೇಳುತ್ತಿಲ್ಲ. ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಟಿವಿಯ ರಿಮೋಟು ಮಗನದು, ಇವತ್ತೇನು ಅಡಿಗೆ ಎಂಬ ತೀರ್ಮಾನ ಹೆಂಡತಿಯದು, ಅಭಿಪ್ರಾಯಗಳು ಮಾತ್ರ ನನ್ನವು. ಅವುಗಳನ್ನು ಈವರೆಗೆ ಯಾರೂ ಬಳಸಿಲ್ಲ, ಹಾಗಾಗಿ ಇನ್ನೂ ಹೊಸದಾಗಿಯೇ ಇವೆ. ಇಂಥವನನ್ನು ಎರಡು ವರ್ಷಕ್ಕೊಮ್ಮೆ ತುಂಬಿದ ಜನರ ನಡುವೆ ಹೆಸರು ಹಿಡಿದು ಕರೆದು, ಹೆಗಲಿಗೆ ಶಾಲು ಹೊದಿಸಿ, ದೇವರ ಮುಂದೆ ಒಡೆದ ಮೊದಲ ಕಾಯಿಯನ್ನು ಕೈಯಲ್ಲಿಡುತ್ತಾರೆಂದರೆ, ಅದನ್ನು ಬಿಟ್ಟುಕೊಡಲು ಮನಸ್ಸು ಹೇಗೆ ಬಂದೀತು? ಬರಲಿಲ್ಲ. ಅದಕ್ಕೇ ಕೋರ್ಟಿಗೆ ಹೋದೆ.

ಧಾರವಾಡದ ಮಾಳಮಡ್ಡಿಯ ಓಣಿಯೊಂದರಲ್ಲಿ ನಮ್ಮ ಹಿರಿಯರ ಕಾಲದ ಬಸವಣ್ಣನ ಗುಡಿ ಇದೆ. ಕಾರ್ತಿಕದ ಕಡೆಯ ಸೋಮವಾರ ಪಲ್ಲಕ್ಕಿ ಓಣಿ ಸುತ್ತಿ ಗುಡಿಗೆ ಮರಳಿದ ಮೇಲೆ ಒಡೆಯುವ ಮೊದಲ ಕಾಯಿಗೆ ಮಾನದ ಕಾಯಿ ಎಂದು ಹೆಸರು. ಅದು ತಮ್ಮ ಮನೆಗೇ ಸಲ್ಲಬೇಕೆಂದು ಓಣಿಯ ಮೇಲಿನ ಮನೆಯವರಾದ ನಮ್ಮಜ್ಜನೂ ಕೆಳಗಿನ ಮನೆಯ ಅಜ್ಜನೂ ಜಗಳಾಡಿ, ಕೊನೆಗೆ ಒಂದು ವರ್ಷ ಅವರಿಗೆ, ಒಂದು ವರ್ಷ ನಮಗೆ ಎಂದು ರಾಜಿಯಾಗಿದ್ದರು. ಹೀಗೆ ಪಡೆದ ಕಾಯಿ ನಮ್ಮ ಮನೆಗೆ ಬಂದ ಮೇಲೆ ಅದರ ಗತಿ ಏನಾಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಮರುದಿನ ಮುಂಜಾನೆ ನನ್ನ ಹೆಂಡತಿ ಅದನ್ನು ತುರಿದು ಚಟ್ನಿ ಮಾಡುತ್ತಿದ್ದಳು. "ಮಾನದ ಕಾಯಿ ಅದು, ಸ್ವಲ್ಪ ಭಕ್ತಿಯಿಂದ ತುರಿ" ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಭಕ್ತಿ ಹಾಕೇನ್ರಿ, ಉಪ್ಪ ಕಡಿಮಿ ಆಗಿರಬೇಕು, ನೋಡ್ರಿ" ಎಂದು ಬಟ್ಟಲನ್ನು ನನ್ನ ಮುಂದೆ ಸರಿಸಿದ್ದಳು.

ರಾಜಿ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಕೊರೊನಾ ಬಂತು. ಆ ವರ್ಷ ಗುಡಿಯ ಬಾಗಿಲು ಹಾಕಿಕೊಂಡು ಪೂಜಾರಿಯೊಬ್ಬರೇ ಕಾಯಿ ಒಡೆದು ದೇವರ ಮುಂದಿಟ್ಟರು. ಸರದಿ ನಮ್ಮದಾಗಿತ್ತು. ಮರುವರ್ಷ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರೆ, ಕೆಳಗಿನ ಮನೆಯ ಶಿವಪ್ಪಕಾಕಾ ಆಗಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ನಮ್ಮ ಸರದಿ ಉಳಿದಿದೆ ಎಂದು ನನ್ನ ವಾದ, ಅದು ಕೊರೊನಾದಲ್ಲಿ ಹೋಯಿತು ಎಂದು ಅವರ ವಾದ. ಪೂಜಾರಿ ಕಾಯಿ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿ, ಕೊನೆಗೆ ಅದನ್ನು ಮತ್ತೆ ಬಸವಣ್ಣನ ಮುಂದೆಯೇ ಇಟ್ಟುಬಿಟ್ಟರು. ಜಗತ್ತಿನಲ್ಲಿ ಎಷ್ಟೋ ಜನ ಆ ರೋಗದಲ್ಲಿ ಏನೇನೋ ಕಳೆದುಕೊಂಡರು. ನಾನು ತೆಂಗಿನಕಾಯಿ ಕಳೆದುಕೊಂಡೆನೆಂದು ದಾವೆ ಹೂಡಿದೆ.

ಶಿವಪ್ಪಕಾಕಾ ನನ್ನ ವೈರಿ ಎಂದು ಮಾತ್ರ ತಿಳಿಯಬೇಡಿ. ಈಗ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮನೆ, ಹತ್ತಿಯ ವ್ಯಾಪಾರ, ಗುಂಡಗಿನ ಗಿಡ್ಡ ಆಳು, ದೊಡ್ಡ ಮನಸ್ಸು. ತಾರೀಖು ಇದ್ದ ದಿನ ಅವರು ಹುಬ್ಬಳ್ಳಿಯಲ್ಲಿ ಬಸ್ ಹತ್ತಿ, ಪಕ್ಕದ ಸೀಟಿನ ಮೇಲೆ ಕೇಸಿನ ಕಾಗದಗಳ ಚೀಲ ಇಟ್ಟು ನನಗೆ ಜಾಗ ಹಿಡಿಯುತ್ತಿದ್ದರು. ನಾನು ಬೈರಿದೇವರಕೊಪ್ಪದಲ್ಲಿ ಹತ್ತಿದ ಕೂಡಲೇ, "ಬಾರೋ ಬಸು, ಇಲ್ಲೆ ಕೂಡು. ಇವತ್ತರ ನಿಮ್ಮ ವಕೀಲರು ಬರ್ತಾರೋ, ಮತ್ತ ಮುಂದಿನ ತಾರೀಖೋ?" ಎಂದು ಕೇಳುವರು. ಸೀಟಿನಲ್ಲಿ ಕೂತರೆ ಅವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಧಾರವಾಡದವರೆಗೂ ತೂಗಾಡುತ್ತಿದ್ದವು. ಕೋರ್ಟಿನೊಳಗೆ ಅವರ ವಕೀಲರು ನನ್ನನ್ನೂ ನಮ್ಮ ವಕೀಲರು ಅವರನ್ನೂ ಚೆನ್ನಾಗಿ ಬೈಯುವರು. ಆಮೇಲೆ ಇಬ್ಬರೂ ಹೊರಗೆ ಬಂದು ಗಿರ್ಮಿಟ್ಟು, ಮೆಣಸಿನಕಾಯಿ ಬಜ್ಜಿ ತಿಂದು, ವಕೀಲರು ಬಳಸಿದ ಕಠಿಣ ಶಬ್ದಗಳಿಗೆ ಅರ್ಥ ಏನಿರಬಹುದೆಂದು ಚರ್ಚಿಸಿ, ಒಂದೇ ಬಸ್ಸಿನಲ್ಲಿ ಹಿಂತಿರುಗುತ್ತಿದ್ದೆವು. ಹೀಗೆ ಹೋಗಿ ಬಂದು ಮಾಡಿದ್ದಕ್ಕೇ ನಮ್ಮ ಸ್ನೇಹ ಗಟ್ಟಿಯಾಯಿತು ಎಂದರೂ ಸರಿ.

ಈ ಮೊಕದ್ದಮೆಯಲ್ಲಿ ನಮ್ಮ ದೊಡ್ಡ ಅಸ್ತ್ರ ನೀಲತ್ತಿ. ನೀಲತ್ತಿ ಎಂದರೆ ನನ್ನ ಅಪ್ಪನ ತಂಗಿ, ನೀಲಮ್ಮ. ಮಾಳಮಡ್ಡಿಯಲ್ಲೇ ಹುಟ್ಟಿ, ಅಲ್ಲೇ ಕೊಟ್ಟ ಮನೆಯಲ್ಲಿ ಬಾಳಿ, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿದಾಕೆ. ನಾನೂ ಅವಳ ಕೈಯಲ್ಲೇ ಕಲಿತವನು. ಶಾಲೆಯಲ್ಲಿ ಸೋದರಳಿಯ ಎಂಬ ರಿಯಾಯಿತಿ ಇರಲಿಲ್ಲ. ಪ್ರಾರ್ಥನೆಗಿರಲಿ, ನೀರು ಕುಡಿಯಲಿಕ್ಕಿರಲಿ, "ಗಿಡ್ಡರು ಮುಂದ, ಉದ್ದಾದವರು ಹಿಂದ!" ಎಂದು ಅವಳು ಕೂಗಿದರೆ ಸಾಹುಕಾರನ ಮಗ, ಚಮ್ಮಾರನ ಮಗ ಎನ್ನದೆ ಎಲ್ಲರೂ ಎತ್ತರ ನೋಡಿಕೊಂಡು ನಿಲ್ಲಬೇಕು. ನಾನು ಚಿಕ್ಕಂದಿನಿಂದಲೂ ಉದ್ದ, ಹಾಗಾಗಿ ಯಾವಾಗಲೂ ಹಿಂದೆ. ಓಣಿಯ ಹಳೆಯ ಕಥೆಯೆಲ್ಲ ಗೊತ್ತಿದ್ದ ಅತ್ತೆ ನಮ್ಮ ಪರವಾಗಿ ಸಾಕ್ಷಿ ಹೇಳಿದರೆ ಕೇಸು ಗೆದ್ದಂತೆ ಎಂದು ವಕೀಲರು ಹೇಳಿದ್ದರು.

ಅತ್ತೆ ಕಟಕಟೆಯಲ್ಲಿ ನಿಂತಳು. ಬೆನ್ನು ಬಾಗಿ ಅವಳ ತಲೆಯಷ್ಟೇ ಮೇಲೆ ಕಾಣುತ್ತಿತ್ತು. ಮಾನದ ಕಾಯಿ ಮೇಲಿನ ಮನೆಗೆ ಸಲ್ಲುತ್ತಿದ್ದದ್ದು ನಿಜವೇ ಎಂದು ನಮ್ಮ ವಕೀಲರು ಕೇಳಿದರು.

"ಖರೇ ಐತ್ರಿ" ಎಂದಳು ಅತ್ತೆ. ನಾನು ಹಿಗ್ಗಿ ಶಿವಪ್ಪಕಾಕಾನ ಕಡೆ ನೋಡಿದೆ. ಆದರೆ ಅತ್ತೆ ಅಲ್ಲಿಗೆ ನಿಲ್ಲಿಸಲಿಲ್ಲ. "ನಾನೂ ಅದ ಮನ್ಯಾಗ ಹುಟ್ಟೇನ್ರಿ, ಸಾಹೇಬ್ರ. ನನಗ ಒಮ್ಮಿನೂ ಬಂದಿಲ್ಲ. ಮೊದಲನೇದು ಮಾನದ ಕಾಯಿ, ಆಮ್ಯಾಲೆ ಎರಡೂ ಮನಿ ಗಂಡಸರಿಗೆ ಒಂದೊಂದು ಹೋಳು. ಅದು ಮುಗಿದ ಮ್ಯಾಲೆ ನಮ್ಮಂಥಾ ಹೆಣ್ಣಮಕ್ಕಳು, ಪಲ್ಲಕ್ಕಿ ಹೊತ್ತವರು, ಉಳಿದ ಮಂದಿ. ಸಣ್ಣಾಕಿ ಇದ್ದಾಗ ಕೈ ಚಾಚಿ ನಿಂತಿದ್ದೆ. ತಾಟ ನನ್ನ ಮುಂದ ಬರೂದ್ರಾಗ ಖಾಲಿ ಆತು. ಖಾಲಿ ಕೈ ಲಂಗಕ್ಕ ಒರಸಿಕೊಂಡು ಮನಿಗೆ ಬಂದೆ. ಅವತ್ತಿನಿಂದ ಗುಡಿಯಾಗ ನಾ ಕೈ ಚಾಚಿಲ್ರಿ."

ನಮ್ಮ ವಕೀಲರು ತಮ್ಮ ಸಾಕ್ಷಿಯನ್ನು ತಾವೇ ತಡೆಯುವುದು ಹೇಗೆಂದು ತಿಳಿಯದೆ ಕರವಸ್ತ್ರ ತೆಗೆದರು. ನ್ಯಾಯಾಧೀಶರು ಬಗ್ಗಿ, "ಹಾಗಾದರೆ ಮಾನದ ಕಾಯಿ ನಿಮಗೆ ಬೇಕೆನ್ನುತ್ತೀರಾ, ಅಮ್ಮಾ?" ಎಂದು ಕೇಳಿದರು.

"ನನಗ ಮಾನದ್ದು ಬ್ಯಾಡ್ರಿ. ಸಾಲ್ಯಾಗ ನಿಂತು ಎಲ್ಲಾರಂಗ ಒಂದು ಹೋಳು ಬೇಕು. ಕೈ ಚಾಚಿದವರ್ಯಾರೂ ಖಾಲಿ ಕೈಲೆ ಹೋಗಬಾರದು. ಸಾಲು ಹಚ್ಚೂದು ನನಗ ಬಿಡ್ರಿ, ಹುಡುಗರನ್ನ ಹಚ್ಚಿ ರೂಢಿ ಐತಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ಶಾಲು ಹೊದ್ದುಕೊಂಡು ಕಾಯಿ ಹಿಡಿದು ಮೆರೆದವನಿಗೆ, ಹಿಂದೆ ನಿಂತ ನನ್ನ ಅತ್ತೆಯ ಕೈ ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಸ್ವಂತ ಅಣ್ಣನ ಮಗನ ಕೇಸನ್ನು ಅಷ್ಟು ಜನರ ಮುಂದೆ ದನಿ ಏರಿಸದೆ ಮುಳುಗಿಸುವ ಎದೆಗಾರಿಕೆ ಎಲ್ಲರಿಗೂ ಎಲ್ಲಿಂದ ಬರಬೇಕು? ಅವತ್ತು ಶಿವಪ್ಪಕಾಕಾ ಬಜ್ಜಿಯ ಮೊದಲ ತಟ್ಟೆಯನ್ನು ಅತ್ತೆಯ ಮುಂದಿಟ್ಟು, "ತಗೋರಿ ಅಕ್ಕಾರ. ನಮ್ಮಿಬ್ಬರನ್ನೂ ಕೂಡೇ ಸೋಲಿಸಿದ್ರಿ" ಎಂದರು.

ತೀರ್ಪು ಬಂತು. ಯಾವ ಮನೆಗೂ ಹುಟ್ಟಿನಿಂದ ಮೊದಲ ಕಾಯಿಯ ಹಕ್ಕಿಲ್ಲ, ದೇವರ ಮುಂದೆ ಎಲ್ಲ ಭಕ್ತರೂ ಸಮ, ಎಲ್ಲರಿಗೂ ಒಂದೇ ಸಾಲಿನಲ್ಲಿ ಪ್ರಸಾದ ಎಂದಿತು. ಗುಡಿಯ ಪಂಚರು ಸಾಲಿನ ಉಸ್ತುವಾರಿಯನ್ನು ನೀಲತ್ತಿಗೇ ಒಪ್ಪಿಸಿದರು. "ಇನ್ನ ಚಟ್ನಿಗೆ ಕಾಯಿ ನೀವ ತರಬೇಕ್ರಿ" ಎಂದಷ್ಟೇ ನನ್ನ ಹೆಂಡತಿ ಹೇಳಿದಳು.

ಆ ಕಾರ್ತಿಕಕ್ಕೆ ಅತ್ತೆ ಗುಡಿಯ ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆಸಿ, ಶಾಲೆಯ ನಿಯಮವನ್ನೇ ಜಾರಿಗೆ ತಂದಳು. ಗಿಡ್ಡರು ಮುಂದೆ. ಅಂದರೆ ಮೊದಲು ಮಕ್ಕಳು, ಅವರ ಹಿಂದೆ ಬೆನ್ನು ಬಾಗಿದ ಮುದುಕ ಮುದುಕಿಯರು, ಆಮೇಲೆ ನಮ್ಮಂಥ ಕಂಬಗಳು. ಪಲ್ಲಕ್ಕಿ ಹೊತ್ತ ಒಬ್ಬರ ಪುಟ್ಟ ಮಗಳಿಗೆ ಮೊದಲ ಹೋಳು ಸಿಕ್ಕಿತು. ಅವಳಿಗೆ ಅದು ಮಾನದ ಕಾಯಿಯೆಂದು ಗೊತ್ತೇ ಇಲ್ಲ. ಕಡಿದು ನೋಡಿ ಸಿಹಿ ಇದೆ ಎಂದಳು. ಆ ಮಕ್ಕಳ ಹಿಂದೆಯೇ, ಎತ್ತರದಲ್ಲಿ ಅವರಿಗಿಂತ ಹೆಚ್ಚೇನೂ ಇರದ ನೀಲತ್ತಿ. ಪೂಜಾರಿ ಬಂದಾಗ ಅವಳು ಒಂದು ಕ್ಷಣ ಕೈಯನ್ನು ಸೆರಗಿನಲ್ಲೇ ಇಟ್ಟುಕೊಂಡಳು. ಆಮೇಲೆ ಚಾಚಿದಳು. ಹೋಳು ಅಂಗೈಗೆ ಬಿತ್ತು. ಅದನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ನಿಂತು ತಿಂದಳು. ದೂರದಲ್ಲಿದ್ದ ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವುದಿಲ್ಲ.

ಇಲ್ಲಿಗೆ ನಾನು ಒಳ್ಳೆಯವನಾಗಿ ಉಳಿಯಬಹುದಿತ್ತು. ಆದರೆ ಕಣ್ಣೊರೆಸಿಕೊಂಡ ಮೇಲೆ ನನಗೊಂದು ವಿಚಾರ ಬಂತು. ಮೊದಲು ನಿಲ್ಲುವ ಮಾನ ಹೋಯಿತು, ಸರಿ. ಎಲ್ಲರಿಗಿಂತ ಕಡೆಗೆ ನಿಂತರೆ? ನೋಡಿರಿ, ಮೇಲಿನ ಮನೆಯವನಾದರೂ ಎಂಥ ವಿನಯ ಎಂದು ನಾಲ್ಕು ಜನ ಅನ್ನುವುದಿಲ್ಲವೇ? ಮೆಲ್ಲಗೆ ಸಾಲಿನ ತುದಿಗೆ ಹೋದೆ. ಅಲ್ಲಿ ಶಿವಪ್ಪಕಾಕಾ ಅದೇ ವಿನಯದಿಂದ ಆಗಲೇ ನಿಂತಿದ್ದರು.

"ಕಾಕಾ, ನೀವು ಹಿರಿಯರು. ಮುಂದ ನಡೀರಿ" ಎಂದು ಅವರ ಹಿಂದೆ ಸರಿದೆ.

"ಛೆ ಛೆ, ನೀ ಮುಂದ ನಡೀ ಬಸು" ಎಂದು ಅವರು ನನ್ನ ಹಿಂದೆ ಬಂದರು. ನಾನು ಮತ್ತೆ ಅವರ ಹಿಂದೆ. ಹೀಗೆ ಇಬ್ಬರೂ ಮರ್ಯಾದೆ ಕೊಡುತ್ತ ಕೊಡುತ್ತ ಅಂಗಳ ದಾಟಿ ಓಣಿಗೆ ಬಂದುಬಿಟ್ಟೆವು. ಅಷ್ಟರಲ್ಲಿ ಏಣಿಯಿಂದ ದಾದಾಪೀರ ಇಳಿದ. ಅವನು ಮೆಕ್ಯಾನಿಕ್, ಕಾರ್ತಿಕಕ್ಕೆ ಗುಡಿಯ ದೀಪಗಳ ಸಾಲು ಅವನದೇ, ಅವನಪ್ಪ ಪಲ್ಲಕ್ಕಿಯ ಮುಂದೆ ಗ್ಯಾಸ್‌ಲೈಟು ಹಿಡಿಯುತ್ತಿದ್ದರು.

"ಏನ್ ನಡಸೀರಿ ಇಬ್ರೂ? ಸರೀರಿ ಮುಂದ" ಎಂದ. "ಎಲ್ಲಾರದೂ ಆದ ಮ್ಯಾಲೆ ಪ್ರಸಾದ ತಗೊಂಡು ಲೈಟ್ ಬಂದ್ ಮಾಡಾಂವ ನಾನು. ನಮ್ಮಪ್ಪನ ಕಾಲದಿಂದ ಕಡೇದ್ದು ನಮ್ದ ಐತಿ. ಒಮ್ಮೆರ ನಿಂತು ನೋಡಿದ್ರ ಗೊತ್ತಾಗತಿತ್ತು ನಿಮಗ."

ಕಡೆಯ ಜಾಗವೂ ಹೋಯಿತು. ಉಳಿದದ್ದು ಅವನ ಮುಂದಿನ ಜಾಗ. ಅದಕ್ಕೂ ನಾವಿಬ್ಬರು ಮತ್ತೆ ನೀವು, ನೀನು ಎಂದು ಶುರು ಮಾಡಿದೆವು. ಆಗ ಅಂಗಳದ ಆ ತುದಿಯಿಂದ ಶಾಲೆಯ ದನಿ ಬಂತು: "ಬಸೂ, ಏನಲೇ ಗದ್ದಲ? ಗಿಡ್ಡರು ಮುಂದ!"

ಶಿವಪ್ಪಕಾಕಾ ತಲೆ ತಗ್ಗಿಸಿ ಮುಂದೆ ಹೋದರು. ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಕೋರ್ಟಿಗೆ ಅಲೆದರೂ ಗೆಲ್ಲದ್ದನ್ನು ಎತ್ತರದಿಂದ ಗೆದ್ದಿದ್ದೆ. ಮನೆಗೆ ಬಂದು ಮಗನನ್ನು ಗೋಡೆಗೆ ನಿಲ್ಲಿಸಿ ನೋಡಿದೆ. ನನಗಿಂತ ನಾಲ್ಕು ಬೆರಳು ಹೆಚ್ಚೇ ಇದ್ದಾನೆ, ಚಿಂತೆಯಿಲ್ಲ. ಆದರೆ ಶಿವಪ್ಪಕಾಕಾನ ಮೊಮ್ಮಗ ಇನ್ನೂ ಬೆಳೆಯುತ್ತಿದ್ದಾನೆ. ಆದ್ದರಿಂದ ವಕೀಲರ ನಂಬರನ್ನು ಮೊಬೈಲಿನಿಂದ ಸದ್ಯಕ್ಕೆ ತೆಗೆದಿಲ್ಲ.