ಕಿಟಕಿ ಪಕ್ಕದ ರೆಕಾರ್ಡ್ ಪ್ಲೇಯರು

"ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸು ನನ್ನ! ರೆಕಾರ್ಡ್ ಯಾವುದು, ನಿನ್ನ ಮೊಬೈಲಿನ ಹಾಡು ಯಾವುದು ಅಂತ ಥಟ್ ಅಂತ ಹೇಳದೆ ಹೋದ್ರೆ, ಈ ಕಿಟಕಿ ಪಕ್ಕದ ಜಾಗ ನಿಂದು!"

ಕನ್ನಡಕದಂಗಡಿಯ ಯಜಮಾನರು ಹೀಗೆ ಘೋರ ಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದರು. ಒದ್ದಾಡದೆ ಇನ್ನೇನು? ಕಿಟಕಿಯ ಬೆಳಕಿನಲ್ಲಿ ಸುಖವಾಗಿದ್ದ, ಕಾಲಲ್ಲಿ ತುಳಿಯುವ ಅವರ ಹೊಲಿಗೆ ಯಂತ್ರವನ್ನು ಮೂರು ತಿಂಗಳ ಹಿಂದೆ ಒಳಕೋಣೆಗೆ ಗಡೀಪಾರು ಮಾಡಿ, ಯಜಮಾನರು ಅಲ್ಲಿ ಹಳೇ ರೆಕಾರ್ಡ್ ಪ್ಲೇಯರನ್ನು ಪ್ರತಿಷ್ಠಾಪಿಸಿದ್ದರು. ಅಂದಿನಿಂದ ಆಕೆಯ ಬೆರಳಿಗೆ ಸೂಜಿ ಚುಚ್ಚದ ದಿನವಿಲ್ಲ.

"ಅದೇ ಹಾಡು ಮೊಬೈಲಲ್ಲೂ ಇದೆಯಲ್ರೀ, ಅದಕ್ಕೆ ಇಷ್ಟು ದೊಡ್ಡ ಡಬ್ಬ ಯಾಕೆ?" ಎಂದು ಆಕೆ ಕೇಳಿದ್ದೇ ಪ್ರತಿಜ್ಞೆಗೆ ಕಾರಣ.

ಅಂಗಡಿಯಲ್ಲಿ ಯಜಮಾನರದು ದಿನವಿಡೀ ಇದೇ ಕಸುಬು. ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, "ಒಂದನೇದು ಚೆನ್ನಾಗಿದೆಯಾ, ಎರಡನೇದಾ?" ಎನ್ನುವುದು. ಒಮ್ಮೊಮ್ಮೆ ಬೇಕೆಂದೇ, ಆಗಷ್ಟೇ ತೆಗೆದ ಗಾಜನ್ನೇ ಮತ್ತೆ ಹಾಕುವರು. ಆಗಲೂ "ಆಹಾ, ಎರಡನೇದು ಸ್ಫಟಿಕ!" ಎನ್ನುವ ಮಹಾನುಭಾವರ ಕಥೆ ಹೇಳಿಕೊಂಡು ಊಟದ ಹೊತ್ತಿನಲ್ಲಿ ಹೊಟ್ಟೆ ಹಿಡಿದು ನಗುವರು.

ಭಾನುವಾರ ಮಧ್ಯಾಹ್ನ ಪರೀಕ್ಷೆ. ಹೆಂಡತಿಯ ತಮ್ಮನೇ ತೀರ್ಪುಗಾರ. ಮೊಬೈಲೂ ರೆಕಾರ್ಡೂ ಒಂದೇ ಸ್ಪೀಕರಿನಲ್ಲಿ ಹಾಡುವಂತೆ ಅವನು ವೈರು ಜೋಡಿಸಿದ. ಎರಡರಲ್ಲೂ ಒಂದೇ ಹಾಡು. ಮೊದಲು ಬರೀ ಡ್ರಮ್ಮು, ಆಮೇಲೆ ಗಾಯಕಿ.

"ಫ್ಯಾನ್ ಆರಿಸು! ಫ್ರಿಜ್ ಆರಿಸು! ನನ್ನಂಥ ಸೂಕ್ಷ್ಮ ಕಿವಿಗೆ ಅದೆಲ್ಲ ಅಡ್ಡಿ!" ಎಂದು ಅಪ್ಪಣೆ ಕೊಟ್ಟು, ಯಜಮಾನರು ದಪ್ಪ ಟವೆಲ್ಲನ್ನು ಕಣ್ಣಿಗೆ ಬಿಗಿದುಕೊಂಡು ಆರಾಮಕುರ್ಚಿಯಲ್ಲಿ ಆಸೀನರಾದರು.

"ನಾನೂ ಇಲ್ಲೇ ಇರ್ಬೇಕಾ? ಪರದೆ ಅಂಚು ಹೊಲಿಯೋದಿತ್ತು," ಎಂದರು ಹೆಂಡತಿ.

"ಹೋಗು, ಹೋಗು. ಸೋಲೋದನ್ನ ಕಣ್ಣಾರೆ ಯಾಕೆ ನೋಡ್ತೀಯ?"

ಮೊದಲ ಸುತ್ತು. ಒಳಗೆ ಹೆಂಡತಿ ಇನ್ನೂ ದಾರದೊಂದಿಗೆ ಗುದ್ದಾಡುತ್ತಿದ್ದರು.

"ಮೊಬೈಲು! ಜೀವಾನೇ ಇಲ್ಲ, ಪ್ಲಾಸ್ಟಿಕ್ ಹೂವು!"

ಸರಿಯಾಗಿತ್ತು! ಕಿವಿಯ ಮಹಿಮೆಯೋ, ಕುರುಡು ಅದೃಷ್ಟವೋ, ಅಂತೂ ಯಜಮಾನರ ಎದೆ ಎರಡು ಅಂಗುಲ ಉಬ್ಬಿತು.

ಎರಡನೇ ಸುತ್ತು. ಭಾವಮೈದುನ ಪ್ಲೇಯರಿನ ಮುಳ್ಳನ್ನು ಇನ್ನೇನು ತಿರುಗುವ ತಟ್ಟೆಯ ಮೇಲೆ ಇಡಬೇಕು, ಕರೆಂಟು ಹೋಯಿತು! ತಟ್ಟೆ ನಿಂತಿತು. ಸ್ಪೀಕರು ಗಪ್‌ಚುಪ್. ಫ್ಯಾನು, ಫ್ರಿಜ್ಜು ಮೊದಲೇ ಬಾಯಿ ಮುಚ್ಚಿದ್ದರಿಂದ ಟವೆಲ್ಲಿನೊಳಗಿದ್ದ ಯಜಮಾನರಿಗೆ ಇದರ ಸುಳಿವೇ ಸಿಗಲಿಲ್ಲ.

"ಭಾವ, ಒಂದ್ನಿಮಿಷ, ಅದು..."

"ಶ್! ಬಂತು, ಬಂತು!"

ಒಳಕೋಣೆಯಲ್ಲಿ ಹೆಂಡತಿಗೆ ಆಗಷ್ಟೇ ದಾರ ಪೋಣಿಸಲು ಸಾಧ್ಯವಾಗಿತ್ತು. ಇಷ್ಟು ಕಷ್ಟಪಟ್ಟ ಮೇಲೆ ಕರೆಂಟು ಹೋಯಿತೆಂದು ಬಿಡುವುದುಂಟೇ? ಅರೆಗತ್ತಲೆಯಲ್ಲೇ ಯಂತ್ರ ತುಳಿದರು. ಧಡ ಧಡ ಧಡ!

"ಕೇಳೋ, ಡ್ರಮ್ಮು! ಇದು ರೆಕಾರ್ಡು! ಏನು ತೂಕ, ಏನು ಗಾಂಭೀರ್ಯ! ಏಳು ಜನ್ಮ ಎತ್ತಿದ್ರೂ ಮೊಬೈಲಿಗೆ ಇದು ಬರಲ್ಲ!"

"ಭಾವ, ಅದಲ್ಲ..."

"ಬಾಯ್ಮುಚ್ಚು! ಬರ್ಕೋ, ರೆಕಾರ್ಡು!"

ಯಜಮಾನರು ತಲೆದೂಗುತ್ತಾ ತೊಡೆಯ ಮೇಲೆ ತಾಳ ಹಾಕಿದರು. ಭಾವಮೈದುನ ನಗು ತಡೆಯಲು ಅಂಗಿಯ ಕಾಲರು ಕಚ್ಚಿಕೊಂಡ. ಅಷ್ಟರಲ್ಲಿ ಧಡಧಡ ಥಟ್ಟನೆ ನಿಂತಿತು.

"ಆಹಾ, ಆ ಮೌನ! ಗಾಯಕಿ ಉಸಿರು ಎಳ್ಕೊಳ್ತಿದಾಳೆ. ನೋಡ್ತಿರು, ಈಗ ಬರುತ್ತೆ ದನಿ!"

ದನಿ ಬಂತು.

"ರೀ, ಕರೆಂಟ್ ಯಾವಾಗ ಬರುತ್ತೋ! ಮತ್ತೆ ದಾರ ತುಂಡಾಯ್ತು!"

ಯಜಮಾನರು ಟವೆಲ್ ಸರಿಸಿದರು. ಎದುರಿಗೆ ಕದಲದ ತಟ್ಟೆ, ನೆಲದ ಮೇಲೆ ಬಿದ್ದು ನಗುತ್ತಿದ್ದ ಭಾವಮೈದುನ, ಬಾಗಿಲಲ್ಲಿ ಪರದೆ ಹಿಡಿದು ನಿಂತ ಹೆಂಡತಿ. ವಿಷಯ ತಿಳಿದ ಆಕೆ ಕಿಟಕಿಯ ಕಡೆ ಸುಮ್ಮನೆ ಬೆರಳು ತೋರಿಸಿದರು.

ಸಂಜೆಯೊಳಗೆ ಭಾವ, ಭಾವಮೈದುನ ಇಬ್ಬರೂ ಏದುಸಿರು ಬಿಡುತ್ತಾ ಹೊಲಿಗೆ ಯಂತ್ರವನ್ನು ಸ್ವಸ್ಥಾನಕ್ಕೆ ತಂದಿಟ್ಟರು. ಹೆಂಡತಿ ಒಂದೇ ಸಲಕ್ಕೆ ದಾರ ಪೋಣಿಸಿದರು. ಮೂರು ತಿಂಗಳ ಮೇಲೆ ಆ ಮುಖದಲ್ಲಿ ಕಂಡ ಸಂತೋಷಕ್ಕೆ ಯಜಮಾನರಿಗೆ ಸೋತ ನೋವೂ ಅರ್ಧ ಮರೆತುಹೋಯಿತು. ಉಳಿದರ್ಧ ಮರೆಯಲು ಆಕೆ ಬಿಡಬೇಕಲ್ಲ!

ಆಕೆ ಯಂತ್ರವನ್ನು ಒಮ್ಮೆ ಧಡಧಡ ತುಳಿದು ನಿಲ್ಲಿಸಿದರು. ಮತ್ತೊಮ್ಮೆ ತುಳಿದರು. ಆಮೇಲೆ ಕನ್ನಡಕದಂಗಡಿಯ ಗತ್ತಿನಲ್ಲೇ ಕೇಳಿದರು:

"ಒಂದನೇದು ಚೆನ್ನಾಗಿದೆಯಾ, ಎರಡನೇದಾ?"

ಯಜಮಾನರು ತಲೆ ತಗ್ಗಿಸಿ ಹೇಳಿದರು:

"ಎರಡನೇದು ಕಣೆ. ಸ್ಫಟಿಕ!"