ಕನ್ನಡಿಯೊಳಗಿನ ಹೆಡ್ ಕ್ಲಾರ್ಕ್

“ಬರುವ ದೀಪಾವಳಿಯೊಳಗೆ ನಾನು ಬೇರೆಯೇ ಮನುಷ್ಯ ಆಗದಿದ್ದರೆ ನನ್ನ ಹೆಸರು ಚೆನ್ನಪ್ಪ ಅಲ್ಲ!”

ಚೆನ್ನಪ್ಪ ಹೀಗೆಂದು ಘೋಷಿಸಿದಾಗ ಅವನ ಹೆಂಡತಿ ಹೇಮಾಕ್ಷಿ ಮಂಗಳೂರಿನ ಉರ್ವದ ತಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಕುಳಿತು ಬಸಳೆ ಹೆಚ್ಚುತ್ತಿದ್ದಳು. ಅವಳು ಬಸಳೆಯಿಂದ ಕಣ್ಣೆತ್ತಲಿಲ್ಲ.

“ಹೆಸರು ಬದಲಾಯಿಸುವುದಾದರೆ ಮೊದಲೇ ಹೇಳಿ ಮಾರಾಯ್ರೇ. ರೇಷನ್ ಕಾರ್ಡಿನಲ್ಲಿ ಬರೆಸ್ಲಿಕ್ಕುಂಟು.”

ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ಮೂರು ವರ್ಷ ಕಳೆದಿತ್ತು. ಜಿಲ್ಲೆಗೆ ಜಿಲ್ಲೆಯೇ ರಾಜ್ಯ ಬದಲಾಯಿಸಿತ್ತು. ಬದಲಾಗದೆ ಉಳಿದವನು ಚೆನ್ನಪ್ಪ ಒಬ್ಬನೇ! ನದಿ ದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಅವನು ಹನ್ನೊಂದು ವರ್ಷದಿಂದ ಗುಮಾಸ್ತ. ಎಷ್ಟು ಹಂಚು ಯಾವ ದೋಣಿಗೆ ಹತ್ತಿತು ಎಂದು ಬರೆದಿಡುವುದು ಅವನ ಕೆಲಸ. ಅಕ್ಷರ ಅಚ್ಚು ಹಾಕಿದ ಹಾಗಿತ್ತು. ಇಲ್ಲದೆ ಇದ್ದದ್ದು ಸ್ವರ. ಮ್ಯಾನೇಜರರ ಎದುರು ನಿಂತರೆ ಸಾಕು, ಅವನ ಗಂಟಲಿನಿಂದ ಹೊರಡುತ್ತಿದ್ದದ್ದು ಎರಡೇ ಶಬ್ದ: “ಯೆಸ್ ಸರ್.” ಹೆಂಡತಿಯ ತಮ್ಮನ ಮದುವೆಗೆ ಎರಡು ದಿನ ರಜೆ ಕೇಳಲು ಒಳಗೆ ಹೋದವನು ಎರಡು ಭಾನುವಾರ ಹೆಚ್ಚು ಕೆಲಸ ಮಾಡಲು ಒಪ್ಪಿಕೊಂಡು ಹೊರಗೆ ಬಂದಿದ್ದ!

ಆ ಮದುವೆಗೆ ಹೇಮಾಕ್ಷಿ ಒಬ್ಬಳೇ ಹೋಗಿದ್ದಳು. ತಮ್ಮನ ಮದುವೆಯಲ್ಲಿ “ಗಂಡ ಎಲ್ಲಿ?” ಎಂದು ಕೇಳಿದವರಿಗೆಲ್ಲ, “ಇವರಿಲ್ಲದಿದ್ದರೆ ಕಂಪನಿ ನಡೆಯುವುದಿಲ್ಲವಂತೆ” ಎಂದು ನಗುತ್ತಾ ಹೇಳಿ ಗಂಡನ ಮರ್ಯಾದೆ ಕಾಪಾಡಿ ಬಂದಿದ್ದಳು. ಬೈದಿದ್ದರೆ ಚೆನ್ನಪ್ಪ ಎರಡು ದಿನದಲ್ಲಿ ಮರೆಯುತ್ತಿದ್ದ. ಅವಳು ಬೈಯಲಿಲ್ಲ. ಅದೇ ಅವನನ್ನು ಕೊರೆಯತೊಡಗಿತು.

ಇಂಥ ಸಮಯದಲ್ಲಿ ಎರಡು ಮಹಾಶಕ್ತಿಗಳು ಒಟ್ಟೊಟ್ಟಿಗೇ ಅವನ ಕೈ ಹಿಡಿದವು. ಮೊದಲನೆಯದು ಜ್ಯೋತಿಷ್ಯ. ಜೋಯಿಸರು ಜಾತಕ ಬಿಡಿಸಿ, ಕನ್ನಡಕ ಏರಿಸಿ, “ಮಕರ ರಾಶಿ. ಗುರು ಹನ್ನೊಂದನೇ ಮನೆಗೆ ಬಂದಿದ್ದಾನೆ. ಇನ್ನು ಒಂದು ವರ್ಷ ನೀವು ಹೇಳಿದ್ದೆಲ್ಲ ಆಗ್ತದೆ” ಎಂದರು.

“ನಾನು ಏನೂ ಹೇಳುವುದೇ ಇಲ್ಲವಲ್ಲ ಜೋಯಿಸರೇ!”

“ಅದಕ್ಕೇ ಇಷ್ಟು ದಿನ ಏನೂ ಆಗದ್ದು.”

ಎರಡನೆಯದು ಮದರಾಸಿನಿಂದ ವಿ.ಪಿ.ಪಿ. ಅಂಚೆಯಲ್ಲಿ ತರಿಸಿದ ತೊಂಬತ್ತಾರು ಪುಟದ ಪುಸ್ತಕ. ಮನಸ್ಸಿನ ಬಲದಿಂದಲೇ ಬೇಕಾದ್ದನ್ನು ಪಡೆಯುವ ವಿದ್ಯೆ ಅದರಲ್ಲಿತ್ತು. ದಿನವೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಬಯಸಿದ್ದನ್ನು ಗಟ್ಟಿಯಾಗಿ ಹೇಳಬೇಕು. ‘ಆಗಲಿ’ ಎಂದು ಬೇಡಿದರೆ ವ್ಯರ್ಥ; ‘ಆಗಿದೆ’ ಎಂದೇ ಹೇಳಬೇಕು. ಯಾರಾದರೂ ಕೇಳಿದರೆ ಇಲ್ಲವೆನ್ನಕೂಡದು. ಒಂದು ಸಲ ಇಲ್ಲವೆಂದರೂ ಸಂಕಲ್ಪ ಒಡೆದುಹೋಗುತ್ತದೆ!

ಗ್ರಹಬಲ ಉಂಟು, ಮನೋಬಲ ಉಂಟು. ಇನ್ನು ಬೇಕಾದ್ದು ಕನ್ನಡಿ. ಮನೆಯಲ್ಲಿದ್ದ ಒಂದೇ ಕನ್ನಡಿ ಹಿತ್ತಿಲಿನ ಬಚ್ಚಲು ಕೊಟ್ಟಿಗೆಯ ಗೋಡೆಯಲ್ಲಿ, ಕ್ಷೌರಕ್ಕೆ ಬೆಳಕು ಬೀಳುವಲ್ಲಿ ನೇತಾಡುತ್ತಿತ್ತು. ಚೆನ್ನಪ್ಪ ಅದರ ಮುಂದೆ ನಿಂತು ಎದೆ ಉಬ್ಬಿಸಿ ಗರ್ಜಿಸಿದ:

“ನಾನು ಹೆಡ್ ಕ್ಲಾರ್ಕ್ ಆಗಿದ್ದೇನೆ! ಎಲ್ಲರೂ ನನ್ನ ಮಾತು ಕೇಳುತ್ತಿದ್ದಾರೆ!”

ಎಲ್ಲರೂ ಕೇಳಿದರೋ ಇಲ್ಲವೋ, ಹಿತ್ತಿಲಿನ ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಐರಿನ್ ಬಾಯಿ ಚೆನ್ನಾಗಿಯೇ ಕೇಳಿದರು.

ಹೇಮಾಕ್ಷಿ ಅಡಿಗೆಕೋಣೆಯಿಂದ ಇಣುಕಿದಳು. “ಮಂಡೆ ಸಮ ಉಂಟಾ ನಿಮಗೆ? ಹೆಡ್ ಕ್ಲಾರ್ಕ್ ಸೈಮನ್ ಪೊರ್ಬುಗಳು ಕುರ್ಚಿಯಲ್ಲಿ ಕೂತೇ ಇದ್ದಾರಲ್ಲ?”

“ಅವರು ಇರುವುದು ಇಂದಿನ ಮಟ್ಟಿಗೆ. ನಾನು ಹೇಳ್ತಾ ಇರುವುದು ಗ್ರಹಗಳ ಮಟ್ಟಿಗೆ.”

“ಗ್ರಹ ಹೇಗೂ ಮೇಲೆ ಉಂಟು. ಕೆಳಗೆ ಗೃಹ ಉಂಟು, ನೀರು ಸೇದ್ಲಿಕ್ಕುಂಟು. ಬನ್ನಿ.”

ಎಂಟನೇ ದಿನ ಮನೆಬಾಗಿಲಿಗೆ ಮೀನಿನ ಸೈಕಲ್ ಬಂತು. ಹೇಮಾಕ್ಷಿ ಎಂದಿನಂತೆ ಅಗ್ಗದ ಬೂತಾಯಿ ಮೀನು ಕೇಳಿದಳು. ಮೀನಿನ ಮಮ್ಮು ಕಿವಿ ಮುಚ್ಚಿಕೊಂಡ.

“ತೋಬಾ! ಹೆಡ್ ಕ್ಲಾರ್ಕರ ಮನೆಗೆ ಬೂತಾಯಿಯಾ? ಅಂಜಲ್ ಉಂಟಕ್ಕ, ಉಳ್ಳಾಲದ್ದು, ಈಗ ಬಂದದ್ದು. ನೀವು ಈಗ ಅದನ್ನೇ ತಿನ್ನಬೇಕು.”

“ಯಾರು ಹೇಳಿದ್ದು ನಿನಗೆ? ಇವರು ಹೆಡ್ ಕ್ಲಾರ್ಕ್ ಆಗ್ಲಿಲ್ಲ ಮಾರಾಯ!”

“ದೊಡ್ಡವರೆಲ್ಲ ಹಾಗೇ ಹೇಳುವುದಕ್ಕ” ಎಂದು ಮಮ್ಮು ವಿನಯದಿಂದ ಅಂಜಲಿನ ತುಂಡನ್ನು ತಟ್ಟೆಗೆ ಹಾಕಿಯೇ ಬಿಟ್ಟ.

ಅಲ್ಲಿಂದ ಸುದ್ದಿಗೆ ಚಕ್ರ ಬಂತು. ಐರಿನ್ ಬಾಯಿ ಹೇಳದ ಮನೆಗೆ ಮಮ್ಮು ಹೇಳಿದ, ಮಮ್ಮುವಿನ ಸೈಕಲ್ ಹೋಗದ ಗಲ್ಲಿಗೆ ಐರಿನ್ ಬಾಯಿ ಹೋದರು! ಕ್ಷೌರಿಕ ಚೆನ್ನಪ್ಪನನ್ನು ಸಾಲು ತಪ್ಪಿಸಿ ಮೊದಲು ಕುಳ್ಳಿರಿಸಿದ. ಬಸ್ಸಿನ ಕಂಡಕ್ಟರ್ “ಸಾರ್‌ಗೆ ಜಾಗ ಕೊಡಿ” ಎಂದ. ವಾಚನಾಲಯದವರು ಬಂದು ವಾರ್ಷಿಕೋತ್ಸವಕ್ಕೆ ಅಧ್ಯಕ್ಷರಾಗಬೇಕೆಂದರು. ಚೆನ್ನಪ್ಪ ಯಾರಿಗೂ ಸುಳ್ಳು ಹೇಳಲಿಲ್ಲ. ಆದರೆ ಇಲ್ಲವೆನ್ನಕೂಡದೆಂದು ಪುಸ್ತಕ ಹೇಳಿತ್ತಲ್ಲ! ಆದ್ದರಿಂದ ಗಂಭೀರವಾಗಿ ಒಂದು ಮುಗುಳ್ನಗೆ ನಕ್ಕ. ಆ ನಗೆಯೇ ನೇಮಕಾತಿ ಪತ್ರವಾಯಿತು.

ನಿಜ ಹೇಳಬೇಕೆಂದರೆ ಅವನಿಗೆ ಸುಖವಾಗುತ್ತಿತ್ತು. ಜನ ತನ್ನ ಮುಖ ನೋಡಿ ಮಾತಾಡುವುದು, ತಾನು ಕೆಮ್ಮಿದರೂ ಸುಮ್ಮನಾಗಿ ಕಾಯುವುದು, ಇದೆಲ್ಲ ಅವನ ಮೂವತ್ತೆಂಟು ವರ್ಷದ ಬಾಳಿನಲ್ಲಿ ಹೊಸದು. ರಾತ್ರಿ ಊಟಕ್ಕೆ ಕುಳಿತಾಗ, “ನೋಡಿದೆಯಾ, ಫಲ ಕೊಡ್ಲಿಕ್ಕೆ ಶುರುವಾಯ್ತು!” ಎಂದ.

“ಫಲ ಕೊಟ್ಟದ್ದು ಐರಿನ್ ಬಾಯಿಯ ಬಾಯಿ” ಎಂದಳು ಹೇಮಾಕ್ಷಿ. “ಇದು ಪೊರ್ಬುಗಳ ಕಿವಿಗೆ ಬಿದ್ದರೆ ಎಂತ ಮಾಡ್ತೀರಿ?”

ಚೆನ್ನಪ್ಪನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ಅವನು ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ಸೈಮನ್ ಪೊರ್ಬುಗಳೆಂದರೆ ಬರಿಯ ಮೇಲಧಿಕಾರಿಯಲ್ಲ. ಹನ್ನೊಂದು ವರ್ಷದ ಹಿಂದೆ ಅವನ ಕೈ ಹಿಡಿದು ಬಿಲ್ಲು ಬರೆಯಲು ಕಲಿಸಿದವರು. ಪ್ರತಿ ಕ್ರಿಸ್ಮಸ್ಸಿಗೆ ಜೆಪ್ಪುವಿನ ತಮ್ಮ ಮನೆಯಿಂದ ಉರ್ವದವರೆಗೆ ಕುಸ್ವಾರ್ ತಿಂಡಿಗಳ ತಟ್ಟೆ ತಾವೇ ಹಿಡಿದುಕೊಂಡು ಬರುವವರು. ಅವರಿಗೆ ಇನ್ನೂ ಮೂರು ವರ್ಷ ಸರ್ವಿಸ್ ಇತ್ತು, ಮದುವೆಗೆ ನಿಂತ ಮಗಳಿದ್ದಳು.

“ಅವರ ಕಿವಿಗೆ ಬೀಳುವುದಿಲ್ಲ. ಜೆಪ್ಪು ಎಲ್ಲಿ, ಉರ್ವ ಎಲ್ಲಿ!” ಎಂದು ಅವನು ತುತ್ತು ನುಂಗಿದ.

ಆ ಶನಿವಾರ ಒಂದು ಮದುವೆಮನೆಯಲ್ಲಿ ಜೆಪ್ಪು ಮತ್ತು ಉರ್ವ ಅಕ್ಕಪಕ್ಕದ ಕುರ್ಚಿಯಲ್ಲಿ ಕುಳಿತವು. ಐರಿನ್ ಬಾಯಿ ಸೈಮನ್ ಪೊರ್ಬುಗಳಿಗೆ ಕೇಕಿನ ತಟ್ಟೆ ಕೊಡುತ್ತಾ ಮರುಕದಿಂದ ವಿಚಾರಿಸಿದರಂತೆ: “ರಿಟಾಯರ್ ಆಗಿ ಮನೆಯಲ್ಲಿ ಹೊತ್ತು ಹೋಗ್ತದಾ? ನಿಮ್ಮ ಜಾಗಕ್ಕೆ ಬಂದದ್ದು ನಮ್ಮ ಪಕ್ಕದ ಮನೆಯವರೇ!”

ಭಾನುವಾರ ಸಂಜೆ ಚೆನ್ನಪ್ಪ ಜಗಲಿಯಲ್ಲಿ ಅಧ್ಯಕ್ಷ ಭಾಷಣ ಬರೆಯುತ್ತಾ ಕುಳಿತಿದ್ದಾಗ ಗೇಟು ಕಿರುಗುಟ್ಟಿತು. ಬಿಳಿ ಕೋಟು, ಕೈಯಲ್ಲಿ ಕೊಡೆ. ಸೈಮನ್ ಪೊರ್ಬುಗಳು! ಅವರು ಕುಳಿತುಕೊಳ್ಳಲಿಲ್ಲ. ಆಫೀಸಿನ ಕಪಾಟುಗಳ ಬೀಗದ ಕೈ ಗೊಂಚಲನ್ನು ಕೋಟಿನ ಕಿಸೆಯಿಂದ ತೆಗೆದು ಭಾಷಣದ ಕಾಗದದ ಮೇಲಿಟ್ಟರು.

“ಇದು ಇನ್ನು ನಿಮ್ಮಲ್ಲಿ ಇರ್ಲಿ, ಚೆನ್ನಪ್ಪ. ಮ್ಯಾನೇಜರ್ ನನ್ನನ್ನು ಕರೆದು ಹೇಳಬಹುದಿತ್ತು. ನೀವಾದ್ರೂ ಹೇಳಬಹುದಿತ್ತು. ಊರಿಗೆಲ್ಲ ಗೊತ್ತುಂಟು, ನನಗೊಬ್ಬನಿಗೆ ಗೊತ್ತಿಲ್ಲ. ಹೊರಗೆ ಹಾಕುವ ವರೆಗೆ ಕಾಯುವ ಮನುಷ್ಯ ನಾನಲ್ಲ. ನಾಳೆ ಬೆಳಿಗ್ಗೆ ಆಫೀಸು ತೆರೆದ ಕೂಡಲೇ ನನ್ನ ರಾಜೀನಾಮೆ ಮೇಜಿನ ಮೇಲೆ ಇರ್ತದೆ. ನಾನು ಕೇಳಿದ್ದು ಸತ್ಯ ಅಲ್ವಾ?”

ಚೆನ್ನಪ್ಪ ಎದ್ದು ನಿಂತ. ಹೇಳಬೇಕಾದ ಮಾತೆಲ್ಲ ಗಂಟಲಿನ ವರೆಗೆ ಬಂದು ಗುಂಪುಗೂಡಿತು. ಅಲ್ಲ ಎನ್ನಬೇಕು, ಸುಳ್ಳು ಎನ್ನಬೇಕು, ಕಾಲು ಹಿಡಿಯಬೇಕು! ಬಾಯಿ ತೆರೆದ. ಹನ್ನೊಂದು ವರ್ಷದ ಅಭ್ಯಾಸ ಮೊದಲು ಹೊರಗೆ ಹಾರಿತು:

“ಯೆಸ್ ಸರ್.”

ಪೊರ್ಬುಗಳು ತಲೆಯಾಡಿಸಿದರು, ಕೊಡೆ ಬಿಡಿಸಿದರು, ಮಳೆಯೇ ಇಲ್ಲದ ಸಂಜೆಯಲ್ಲಿ ಕೊಡೆ ಹಿಡಿದುಕೊಂಡು ಹೊರಟುಹೋದರು. ಹೇಮಾಕ್ಷಿ ಕಾಫಿ ಹಿಡಿದು ಬರುವಾಗ ಜಗಲಿಯಲ್ಲಿ ಇದ್ದದ್ದು ಬೀಗದ ಕೈಗೊಂಚಲು ಮತ್ತು ಅದನ್ನು ನೋಡಿ ಬೆವರುತ್ತಿದ್ದ ಗಂಡ.

ನಡೆದದ್ದನ್ನು ಕೇಳಿ ಅವಳು ಆ ಕಾಫಿಯನ್ನು ತಾನೇ ಕುಡಿದಳು. ಕೋಪ ಬಂದಾಗ ಅವಳು ಹಾಗೆಯೇ.

“ನಾಳೆ ಆಫೀಸು ತೆರೆಯುವ ಮೊದಲೇ ಪೊರ್ಬುಗಳ ಮನೆಗೆ ಹೋಗಿ. ಹೀಗೆ ಹೀಗೆ ಆಯ್ತು, ನನ್ನದೇ ಹುಚ್ಚು ಮರ್ಲು ಅಂತ ಹೇಳಿ.”

“ಹೇಳ್ತೇನೆ. ಹೇಳಿಯೇ ಹೇಳ್ತೇನೆ” ಎಂದು ಚೆನ್ನಪ್ಪ ಪಂಚಾಂಗ ತೆರೆದ. ಅವನ ಮುಖ ಬಿಳಿಚಿತು. “ಸೋಮವಾರ ಏಳೂವರೆಯಿಂದ ಒಂಬತ್ತರ ವರೆಗೆ ರಾಹುಕಾಲ! ಒಂಬತ್ತರ ನಂತರವೇ ಹೊರಡಬೇಕು.”

“ಆಫೀಸು ತೆರೆಯುವುದು ಎಂಟೂವರೆಗೆ!”

“ರಾಹುಕಾಲದಲ್ಲಿ ಬಾಯಿ ಬಿಟ್ಟರೆ ಪುನಃ ಯೆಸ್ ಸರ್ ಅಂತಲೇ ಬರ್ತದೆ, ಹೇಮಾ. ನನಗೆ ಗೊತ್ತುಂಟು.”

ಹೇಮಾಕ್ಷಿ ಅವನ ಮುಖವನ್ನೊಮ್ಮೆ ನೋಡಿ, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಬೆಳಗಾಯಿತು. ಚೆನ್ನಪ್ಪ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ದೇವರ ಕೋಣೆಯ ಬಾಗಿಲು ಹಾಕಿಕೊಂಡು ಟೈಂಪೀಸಿನ ಮುಂದೆ ಕುಳಿತ. “ಮಾರ್ಕೆಟಿಗೆ ಹೋಗಿ ಬರ್ತೇನೆ” ಎಂದು ಹೇಮಾಕ್ಷಿ ಹೊರಗಿನಿಂದಲೇ ಕೂಗಿದ್ದು ಕೇಳಿಸಿತು. ಅವನು “ನಾನು ನಿಜ ಹೇಳಿ ಆಗಿದೆ, ನಾನು ನಿಜ ಹೇಳಿ ಆಗಿದೆ” ಎಂದು ಜಪಿಸುತ್ತಿದ್ದ. ಮುಳ್ಳು ಎಂಟೂವರೆ ದಾಟುವಾಗ ಕಣ್ಣ ಮುಂದೆ ಪೊರ್ಬುಗಳ ರಾಜೀನಾಮೆ ಕಂಡಿತು. ಎದ್ದು ನಿಂತ. ರಾಹು ಕಂಡ. ಕುಳಿತ.

ಒಂಬತ್ತು ಹೊಡೆಯಿತು, ರಾಹು ತೊಲಗಿದ! ಚೆನ್ನಪ್ಪ ಬಸ್ಸಿಗೆ ಓಡಿದ. ರಾಹುಕಾಲ ಮುಗಿಯಲೆಂದು ಕಾದವನು ಅವನೊಬ್ಬನೇ ಅಲ್ಲವೆಂದು ಆಗ ತಿಳಿಯಿತು. ಇಡೀ ಉರ್ವವೇ ಕಾದಿತ್ತು! ಮೊದಲ ಬಸ್ಸು ನಿಲ್ಲಲಿಲ್ಲ. ಎರಡನೆಯದರಲ್ಲಿ ಒಂದೇ ಕಾಲಿಗೆ ಜಾಗ ಸಿಕ್ಕಿತು. ಯಾರದ್ದೋ ತೆಂಗಿನಕಾಯಿ ಚೀಲವನ್ನು ಅಪ್ಪಿಕೊಂಡು, ಇಸ್ತ್ರಿ ಕಳೆದುಕೊಂಡು, ಹತ್ತು ಗಂಟೆಗೆ ಅವನು ಆಫೀಸು ಮುಟ್ಟಿದ.

ಪೊರ್ಬುಗಳ ಕುರ್ಚಿ ಖಾಲಿ ಇತ್ತು.

ಆ ಖಾಲಿ ಕುರ್ಚಿಗಾಗಿ ತಿಂಗಳಿಡೀ ಕನ್ನಡಿಯ ಮುಂದೆ ಗರ್ಜಿಸಿದ್ದವನಿಗೆ ಅದನ್ನು ನಿಜವಾಗಿ ಖಾಲಿ ಕಂಡಾಗ ಕುಸ್ವಾರಿನ ತಟ್ಟೆ ಹಿಡಿದು ಬರುತ್ತಿದ್ದ ಪೊರ್ಬುಗಳು ನೆನಪಾದರು. ಆಮೇಲೆ ಅದೆಲ್ಲಿತ್ತೋ, ಒಂದು ಬಿಸಿ ಮೇಲೆದ್ದಿತು. ಅವನು ಪಂಚಾಂಗವನ್ನು ಮರೆತ, ಪುಸ್ತಕವನ್ನು ಮರೆತ, ಬಾಗಿಲು ತಟ್ಟುವುದನ್ನೂ ಮರೆತ. ಮ್ಯಾನೇಜರರ ಕೋಣೆಗೆ ನುಗ್ಗಿದವನೇ ಕಣ್ಣು ಗಟ್ಟಿಯಾಗಿ ಮುಚ್ಚಿ ಒಂದೇ ಉಸಿರಿಗೆ ಕೂಗಿದ:

“ಸರ್! ಪೊರ್ಬುಗಳ ತಪ್ಪಿಲ್ಲ! ತಪ್ಪೆಲ್ಲ ನನ್ನದು! ನಾನು ಕನ್ನಡಿಗೆ ಹೇಳಿದ್ದನ್ನು ಊರು ನಂಬಿತು! ಅವರ ರಾಜೀನಾಮೆ ಹರಿದುಹಾಕಿ! ಬೇಕಾದರೆ ನನ್ನನ್ನು ತೆಗೆಯಿರಿ! ಅವರನ್ನು ಕಳಿಸಿದರೆ ನಾನು… ನಾನು ಸುಮ್ಮನಿರುವವನಲ್ಲ!”

ಚೆನ್ನಪ್ಪ ಒಂದು ಕಣ್ಣು ತೆರೆದ. ಮ್ಯಾನೇಜರರು ಲೇಖನಿ ಹಿಡಿದಲ್ಲಿಯೇ ಕಲ್ಲಾಗಿದ್ದರು. ಎರಡನೇ ಕಣ್ಣು ತೆರೆದ. ಮೇಜಿನ ಈಚೆ ಸೈಮನ್ ಪೊರ್ಬುಗಳು ಕರವಸ್ತ್ರದಿಂದ ಕಣ್ಣೊರೆಸುತ್ತಾ ಕುಳಿತಿದ್ದರು. ಅಳುತ್ತಿರಲಿಲ್ಲ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

“ಚೆನ್ನಪ್ಪ, ನಿಮಗೆ ಸ್ವರ ಉಂಟಾ?” ಎಂದರು ಮ್ಯಾನೇಜರರು. “ಹನ್ನೊಂದು ವರ್ಷದಿಂದ ನನಗೆ ಗೊತ್ತೇ ಇಲ್ಲ!”

“ಸರ್, ರಾಜೀನಾಮೆ…”

“ಯಾವ ರಾಜೀನಾಮೆ?” ಎಂದರು ಪೊರ್ಬುಗಳು. “ಅದು ಮಾರ್ಕೆಟಿಗೆ ಹೋಯ್ತಲ್ಲ! ಬೆಳಿಗ್ಗೆ ನಾನು ಕೋಟು ಹಾಕಿ ಹೊರಡುವಾಗ ನಿಮ್ಮ ಹೆಂಡತಿ ಬೀಗದ ಕೈ ಗೊಂಚಲು ಹಿಡಿದುಕೊಂಡು ಬಂದ್ರು. ಕನ್ನಡಿಯಿಂದ ಹಿಡಿದು ಎಲ್ಲ ಹೇಳಿದ್ರು. ನಾನು ನಗ್ತಾ ಇರುವಾಗ ಕೈಯಿಂದ ಕಾಗದ ತೆಗೆದುಕೊಂಡು, ‘ಇದು ಬಂಗುಡೆ ಮೀನು ಕಟ್ಲಿಕ್ಕೆ ಆಗ್ತದೆ’ ಅಂತ ಚೀಲಕ್ಕೆ ಹಾಕಿಕೊಂಡು ಹೋದ್ರು. ಅಲ್ಲ ಮಾರಾಯ, ನನ್ನ ಕುರ್ಚಿ ಬೇಕಿದ್ರೆ ಕೇಳಬಾರದಾ? ಅದರ ಒಳಗೆ ಎಷ್ಟು ತಿಗಣೆ ಉಂಟು ಅಂತ ನಾನೇ ಹೇಳ್ತಿದ್ದೆ!”

ಮ್ಯಾನೇಜರರು ಕೆಮ್ಮಿದರು. “ಹೆಡ್ ಕ್ಲಾರ್ಕ್ ಹುದ್ದೆ ಖಾಲಿ ಇದ್ದಿದ್ದರೆ ಇವತ್ತೇ ಕೊಡ್ತಿದ್ದೆ ಚೆನ್ನಪ್ಪ. ನಿಮಗಲ್ಲ, ನಿಮ್ಮ ಹೆಂಡತಿಗೆ. ಈಗ ಹೋಗಿ, ಮೂರು ದೋಣಿ ಕಾಯ್ತಾ ಉಂಟು.”

“ಯೆಸ್ ಸರ್” ಎನ್ನಲು ಹೊರಟವನು ತಡೆದು ನಿಂತ. “ಸರ್, ನನಗೆ ನಾಡಿದ್ದು ಎರಡು ದಿನ ರಜೆ ಬೇಕು. ಹೆಂಡತಿಯನ್ನು ತವರುಮನೆಗೆ ಕರೆದುಕೊಂಡು ಹೋಗ್ಲಿಕ್ಕುಂಟು.”

ಮ್ಯಾನೇಜರರು ಪೊರ್ಬುಗಳ ಮುಖ ನೋಡಿದರು. ಪೊರ್ಬುಗಳು ತಲೆಯಾಡಿಸಿದರು. ರಜೆ ಸಿಕ್ಕಿತು!

ಸಂಜೆ ಚೆನ್ನಪ್ಪ ಮನೆಗೆ ಬಂದಾಗ ಹೇಮಾಕ್ಷಿ ಏನೂ ಆಗದವಳಂತೆ ದೀಪದ ಗಾಜು ಒರೆಸುತ್ತಿದ್ದಳು. ಅವನು ರಜೆಯ ಸುದ್ದಿಯನ್ನು ಮೂರು ಸಲ ಹೇಳಿದ. ಮೂರನೇ ಸಲ ಹೇಳುವಾಗ ಮ್ಯಾನೇಜರರು ಎದ್ದು ನಿಂತಿದ್ದರು, ಕಿಟಕಿಗಳು ನಡುಗಿದ್ದವು. ಅವಳು ಮೂರು ಸಲವೂ ಮೊದಲ ಸಲ ಕೇಳುವವಳಂತೆ ಕೇಳಿದಳು.

ಕೊನೆಗೆ ಅವನು ಅವಳ ಹತ್ತಿರ ಕುಳಿತು ಮೆಲ್ಲಗೆ ಕೇಳಿದ: “ನೀನು ಇಲ್ಲಿಂದ ಎಷ್ಟು ಗಂಟೆಗೆ ಹೊರಟದ್ದು?”

“ಏಳೂ ಮುಕ್ಕಾಲಿಗೆ.”

“ಏಳೂ ಮುಕ್ಕಾಲಿಗಾ! ಅದು ನಡು ರಾಹುಕಾಲ ಮಾರಾಯ್ತಿ!”

“ಹೌದು ಮಾರಾಯ್ರೇ, ಅಂಥ ಒಳ್ಳೆಯ ಕಾಲ ಇನ್ನೊಂದಿಲ್ಲ” ಎಂದಳು ಹೇಮಾಕ್ಷಿ, ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾ. “ಬಸ್ಸಿನಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಕಿಟಕಿ ಪಕ್ಕ ಕೂತುಕೊಂಡು ಹೋದೆ.”