ನಾರ್ಮಲ್ ರಿಪೋರ್ಟಿನ ವಿರುದ್ಧ ನನ್ನ ಮೇಲ್ಮನವಿ

ತಕ್ಕ ದಾಖಲೆ ಲಗತ್ತಿಸಿದರೆ ಆಗದ ಕೆಲಸವಿಲ್ಲ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ನಾನು ಕಲಿತ ಏಕೈಕ ವಿದ್ಯೆ ಇದು. ಈ ವಿದ್ಯೆಯ ಬಲದಿಂದಲೇ ಹೋದ ವರ್ಷ ನೆಟ್ಟಗಿದ್ದ ನನ್ನ ಥೈರಾಯ್ಡನ್ನು ಕೈಯಾರೆ ಕೆಡಿಸಿಕೊಂಡೆ.

ಥೈರಾಯ್ಡ್ ನನಗೆ ಹಳೆಯ ನೆಂಟ. ಬೆಳಿಗ್ಗೆ ಏಳುತ್ತಲೇ ಹೆಂಡತಿ ಗಿರಿಜಾ ಒಂದು ಮಾತ್ರೆ, ಒಂದು ಲೋಟ ನೀರು ಕೈಗಿಡುತ್ತಿದ್ದಳು. ಆಮೇಲೆ ಒಂದು ಗಂಟೆ ಕಾಫಿಯ ಹೆಸರೆತ್ತುವಂತಿಲ್ಲ. ಸ್ನಾನ ಮಾಡಿ ಲಿಂಗಪೂಜೆ ಮುಗಿಸುವಷ್ಟರಲ್ಲಿ ಆ ಗಂಟೆ ಕಳೆದು, ಹಣೆಯ ವಿಭೂತಿ ಆರುವ ಮೊದಲೇ ಕಾಫಿ ಬರುತ್ತಿತ್ತು. ಶಿವನೂ ಸಂತುಷ್ಟ, ಡಾಕ್ಟರೂ ಸಂತುಷ್ಟ.

ಹೀಗಿರುವಾಗ ದಾವಣಗೆರೆಯಲ್ಲಿರುವ ಮಗಳು ಶಿಲ್ಪಾ ಎರಡನೇ ಸಲ ಬಸುರಿಯಾದಳು. ಹಾಸಿಗೆ ಬಿಟ್ಟು ಏಳಬಾರದೆಂದು ಅಲ್ಲಿಯ ಡಾಕ್ಟರು ಹೇಳಿದರು. ಮೊದಲನೆಯವನಿಗೆ ಶಾಲೆ ಇದ್ದುದರಿಂದ ಅವಳು ಇಲ್ಲಿಗೆ ಬರುವಂತಿರಲಿಲ್ಲ, ಗಿರಿಜಾಳೇ ಹೊರಟಳು. ನಾನು ಅದನ್ನು ಡೆಪ್ಯುಟೇಶನ್ ಎಂದು ಪರಿಗಣಿಸಿ ಮಂಜೂರು ಮಾಡಿದೆ.

"ರೀ, ಒಬ್ರೇ ಇರ್ತೀರಾ?" ಅಂದಳು.

"ಕಚೇರೀನೇ ನಡೆಸಿದೋನು ಕಣೇ. ಒಂದು ಮನೆ ನಡೆಸಕ್ಕಾಗಲ್ವಾ?"

ಮೊದಮೊದಲು ಚೆನ್ನಾಗಿಯೇ ನಡೆಯಿತು. ಚಂದ್ರಾ ಲೇಔಟಿನ ದರ್ಶಿನಿಗಳಲ್ಲಿ ಯಾರ ಚಟ್ನಿಗೆ ಎಷ್ಟು ನೀರು ಎಂಬುದರಲ್ಲಿ ಪಾಂಡಿತ್ಯ ಗಳಿಸಿದೆ. ಆಮೇಲೆ ಸುಸ್ತು ಶುರುವಾಯಿತು. ಕೂತರೆ ಸುಸ್ತು, ಎದ್ದರೆ ಸುಸ್ತು. ಊಟ ಸೇರದು, ಸಂಜೆಯಾದರೆ ಮೈ ತಣ್ಣಗೆ. ಪೇಪರಿನಲ್ಲಿ ಓದಿದ್ದನ್ನು ಹೇಳೋಣವೆಂದು ಅಡುಗೆಮನೆ ಬಾಗಿಲತನಕ ಹೋಗಿ, ಒಳಗೆ ಯಾರೂ ಇಲ್ಲವೆಂಬುದು ನೆನಪಾಗಿ, ಬಂದ ತಪ್ಪಿಗೆ ನೀರು ಕುಡಿದು ವಾಪಸಾಗುತ್ತಿದ್ದೆ. ಹಾಗೆ ಕುಡಿದ ನೀರಿಗೆ ಲೆಕ್ಕವಿಲ್ಲ. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಸರಿ, ಯಾರೋ ಮಾತಾಡಿದರಲ್ಲ ಎಂದು ಸಮಾಧಾನವಾಗುತ್ತಿತ್ತು. ಇದೆಲ್ಲ ಥೈರಾಯ್ಡಿನ ಚೇಷ್ಟೆಯೇ ಎಂದು ತೀರ್ಮಾನಿಸಿ ಡಾಕ್ಟರಮ್ಮನ ಹತ್ತಿರ ಹೋದೆ.

ಆಕೆ ರಕ್ತ ಪರೀಕ್ಷೆ ಮಾಡಿಸಿದರು. "ಥೈರಾಯ್ಡ್ ನಾರ್ಮಲ್ ಇದೆ ಸಾರ್. ಸಕ್ಕರೆ, ರಕ್ತ, ವಿಟಮಿನ್ನು ಎಲ್ಲಾ ನೋಡಿದೀನಿ, ಸರಿಯಾಗೇ ಇದೆ."

"ಹಾಗಾದ್ರೆ ನನ್ನ ಸುಸ್ತು ಸುಳ್ಳಾ ಮೇಡಂ?"

"ಸುಳ್ಳು ಅಂತ ಯಾರಂದ್ರು? ಎಲ್ಲಾ ಸುಸ್ತೂ ಥೈರಾಯ್ಡಿಂದಾನೇ ಬರಲ್ಲ ಅಷ್ಟೇ. ನಿದ್ದೆ ಹೇಗೆ? ಮನೇಲಿ ಯಾರ್ಯಾರಿದೀರಾ?"

ಇದೇನು ಜನಗಣತಿಯೇ? ನನಗೆ ರೇಗಿತು. "ಮನೆ ವಿಷಯ ಬಿಡಿ. ಮಾತ್ರೆ ಜಾಸ್ತಿ ಮಾಡಿ."

"ನಾರ್ಮಲ್ ಇರೋವಾಗ ಜಾಸ್ತಿ ಮಾಡಿದ್ರೆ ಎದೆ ಹೊಡ್ಕೊಳ್ಳುತ್ತೆ ಸಾರ್. ತಗೊಳ್ತಿರೋದನ್ನೇ ತಪ್ಪದೆ ತಗೊಳ್ಳಿ. ಸಂಜೆ ವಾಕಿಂಗ್ ಹೋಗಿ, ನಾಲ್ಕು ಜನರ ಹತ್ರ ಮಾತಾಡಿ."

ವಿಚಾರಣೆಯನ್ನೇ ನಡೆಸದೆ ಫೈಲು ಮುಚ್ಚಿದಂತಾಯಿತು. ಅಂದು ಸಂಜೆ ಗಿರಿಜಾಳ ಫೋನು ಬಂತು.

"ರಿಪೋರ್ಟ್ ಏನಂತ್ರೀ?"

"ನಾರ್ಮಲ್ಲಂತೆ."

"ಸದ್ಯ, ಒಳ್ಳೇದಾಯ್ತು. ಇಡ್ಲಾ? ಹಾಲು ಉಕ್ತಾ ಇದೆ."

'ಬಂದುಬಿಡು' ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ಹೇಳಲಾಗಲಿಲ್ಲ. ಅಲ್ಲಿ ಮಗಳು ಹಾಸಿಗೆಯಲ್ಲಿದ್ದಾಳೆ. ಗಂಡನಿಗೆ ಬೇಜಾರು ಎಂಬ ಕಾರಣಕ್ಕೆ ಡೆಪ್ಯುಟೇಶನ್ ರದ್ದಾದದ್ದು ನನ್ನ ಸರ್ವಿಸಿನಲ್ಲೇ ಕಂಡಿಲ್ಲ. ಎರಡು ದಿನದ ಮಟ್ಟಿಗಾದರೂ ಅವಳನ್ನು ಕರೆಸಬೇಕಾದರೆ ದಾಖಲೆ ಬೇಕು. ದಾಖಲೆ ನಾರ್ಮಲ್ ಆಗಿರಕೂಡದು.

ಮಾರನೆಯ ಬೆಳಿಗ್ಗೆಯಿಂದ ಮಾತ್ರೆ ನಿಲ್ಲಿಸಿದೆ. ಏಳುತ್ತಲೇ ಕಾಫಿ ಕುಡಿದೆ. ಎಂಥ ಸ್ವಾತಂತ್ರ್ಯ!

ಒಂದೂವರೆ ತಿಂಗಳಲ್ಲಿ ಥೈರಾಯ್ಡ್ ತನ್ನ ನಿಜರೂಪ ತೋರಿಸಿತು. ಇಲ್ಲದ ಕಾಯಿಲೆ ಹುಡುಕಿಕೊಂಡು ಹೋದವನಿಗೆ ಇದ್ದ ಕಾಯಿಲೆ ಎದುರಿಗೆ ಬಂದು ನಿಂತಿತು. ಮುಖ ಪೂರಿಯಂತೆ ಉಬ್ಬಿತು. ದನಿ ಒಡೆಯಿತು. ಕಾಲು ಊದಿ ಚಪ್ಪಲಿಯೊಳಗೆ ಹೋಗಲೊಲ್ಲದು. ಪಕ್ಕದ ಮನೆಯ ಸದಾಶಿವಯ್ಯನವರು ಗೇಟಿನ ಬಳಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಯ್ಯೋ ಪಾಪ ಎನ್ನುತ್ತಾರೆಂದು ಮುಖ ಸಪ್ಪಗೆ ಮಾಡಿಕೊಂಡೆ.

"ಮೈ ಕೈ ತುಂಬ್ಕೊಂಡಿದೀರಲ್ಲ ಸಾರ್," ಅಂದರು. "ಮೇಡಂ ಇಲ್ದಿದ್ರೂ ಊಟ ಜೋರಾಗೇ ನಡೀತಿದೆ ಅನ್ನಿ."

ರಕ್ತ ಕೊಟ್ಟು ಬಂದೆ. ರಿಪೋರ್ಟು ಭರ್ಜರಿಯಾಗಿತ್ತು. ನಾರ್ಮಲ್ ಎನ್ನುವುದು ಅದರ ಹತ್ತಿರವೂ ಸುಳಿದಿರಲಿಲ್ಲ. ಹತ್ತನೇ ಕ್ಲಾಸು ಪಾಸಾದಾಗಲೂ ಅಷ್ಟು ಖುಷಿಪಟ್ಟವನಲ್ಲ. ಡಾಕ್ಟರಿಗೆ ತೋರಿಸುವ ಮೊದಲೇ ಅದರ ಫೋಟೋ ತೆಗೆದು, 'ಮಾಹಿತಿಗಾಗಿ ಹಾಗೂ ಮುಂದಿನ ಕ್ರಮಕ್ಕಾಗಿ' ಎಂದು ಬರೆದು ಗಿರಿಜಾಳಿಗೆ ವಾಟ್ಸಾಪ್ ಮಾಡಿದೆ. ಸಂಜೆಯೊಳಗೆ ಫೋನು ಬಂತು.

"ರೀ, ನಾಳೆ ಬೆಳಿಗ್ಗೆ ಬರ್ತಾ ಇದೀನಿ."

ನನ್ನ ಕಣ್ಣಲ್ಲಿ ನೀರು ಬಂತು. ದಾಖಲೆಯ ಶಕ್ತಿಯೇ ಶಕ್ತಿ. ಊದಿದ ಕಾಲಿನಲ್ಲೇ ಮನೆ ಗುಡಿಸಿದೆ, ಹಾಲು ತಂದಿಟ್ಟೆ, ರೋಗಿಗೆ ಒಪ್ಪುವಂತೆ ಶಾಲು ಹೊದ್ದು ವರಾಂಡದಲ್ಲಿ ಕೂತೆ. ಬೆಳಿಗ್ಗೆ ಆಟೋ ಇಳಿದ ಗಿರಿಜಾ ಚಪ್ಪಲಿ ಬಿಡುತ್ತಲೇ ಕೇಳಿದಳು:

"ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಿಟ್ರಾ?"

"ಹಂಡೆ?"

"ಹೆರಿಗೆ ಹತ್ರ ಬಂತಲ್ರೀ. ಅವರ ಮನೇಲಿ ಬರೀ ಗೀಸರು. ಬಾಣಂತಿಗೆ ಹಂಡೆ ನೀರು ಎರೀಬೇಡ್ವಾ? ಅದಕ್ಕೇ ಬಂದೆ. ಸಂಜೆ ಬಸ್ಸಿಗೆ ವಾಪಸ್ ಹೋಗ್ಬೇಕು."

"ರಿಪೋರ್ಟ್ ನೋಡ್ಲಿಲ್ವಾ?"

"ನಿಮ್ದು ಯಾವಾಗ್ಲೂ ನಾರ್ಮಲ್ ತಾನೇ? ತೆಗೆದೇ ನೋಡ್ಲಿಲ್ಲ."

ಆಗಲೇ ಅವಳು ನನ್ನ ಮುಖವನ್ನು ಸರಿಯಾಗಿ ನೋಡಿದ್ದು. ಹಂಡೆ ಮರೆತಳು. ಸೀದಾ ಒಳಗೆ ಹೋಗಿ ಮಾತ್ರೆ ಬಾಟಲಿ ತಂದು ಅಲ್ಲಾಡಿಸಿದಳು. ತುಂಬಿದ ಬಾಟಲಿ ಸದ್ದನ್ನೂ ಸರಿಯಾಗಿ ಮಾಡಲಿಲ್ಲ.

ಶಾಲಿನ ಸಮೇತ ನನ್ನನ್ನು ಡಾಕ್ಟರಮ್ಮನ ಮುಂದೆ ಹಾಜರುಪಡಿಸಲಾಯಿತು. "ಮಾತ್ರೆ ಬಿಟ್ಟು ಟೆಸ್ಟ್ ಮಾಡಿಸಿದ್ರೆ ಇನ್ನೇನು ಬರುತ್ತೆ ಸಾರ್? ಹುಡುಗಾಟನಾ ಇದು?" ಎಂದು ಬೈದು, ಮೊದಲಿನ ಮಾತ್ರೆಯನ್ನೇ ಮತ್ತೆ ಶುರುಮಾಡಿಸಿ, ಆರು ವಾರ ಬಿಟ್ಟು ಬರಲು ಹೇಳಿದರು. ಗಿರಿಜಾ ಮನೆಗೆ ಬಂದ ಮೇಲೆ ಎದುರಿಗೆ ಕೂತಳು.

"ಯಾಕ್ರೀ ಹೀಗ್ಮಾಡಿದ್ರಿ?"

"ನಿನ್ನ ಬಿಟ್ಟು ಇರಕ್ಕಾಗ್ತಿಲ್ಲ ಕಣೇ," ಅಂದೆ. ಮದುವೆಯಾದಾಗಿನಿಂದ ದಾಖಲೆ ಲಗತ್ತಿಸದೆ ನಾನು ಅವಳಿಗೆ ಹೇಳಿದ ಮೊದಲ ಮಾತು ಅದು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಪ್ಪಂಗೆ ಬರಕ್ಕೆ ಹೇಳಮ್ಮ ಅಂತ ಶಿಲ್ಪಾ ದಿನಾ ಬಡ್ಕೋತಾಳೆ. ನಿಮಗೆ ಇಲ್ಲೇ ಆರಾಮು, ಕರೆದ್ರೂ ಬರಲ್ಲ ಅಂತ ನಾನೇ ಸುಮ್ಮನಿದ್ದೆ. ಅಲ್ರೀ, ನನ್ನ ಇಲ್ಲಿಗೆ ಕರೆಸೋ ಬದಲು ನೀವೇ ಅಲ್ಲಿಗೆ ಬಂದಿದ್ರೆ ಯಾರು ಬೇಡ ಅಂತಿದ್ರು?"

ನಾನು ರಿಟೈರಾದವನು, ರಜೆ ಕೇಳಬೇಕಾದ ಸಾಹೇಬರೂ ಇಲ್ಲ. ಊರವರ ಫೈಲುಗಳಲ್ಲೆಲ್ಲ ತಪ್ಪು ಹುಡುಕಿದ ಈ ಮಹಾಬುದ್ಧಿವಂತನಿಗೆ, ದಾವಣಗೆರೆಯಿಂದ ಬರುವ ಬಸ್ಸು ದಾವಣಗೆರೆಗೆ ಹೋಗುವುದೂ ಉಂಟು ಎಂಬುದು ಹೊಳೆದೇ ಇರಲಿಲ್ಲ.